ಕುರುಡು ಚೀಸಿನ ಮೆರವಣಿಗೆ

ಗೋಡಿಯ ಸಂಕಟಕ್ಕೆ ಮೂಲ ಒಂದು ಕಾಗೆ. ಅವನ ಚೀಸ್ ನೆಲಮಾಳಿಗೆಯ ಹೊಗೆಕೊಳವೆಯಲ್ಲಿ ಅದು ಗೂಡು ಕಟ್ಟಿತ್ತು. ಮರಿಗಳಿವೆಯೆಂದು ಕನಿಕರಪಟ್ಟ ಹೆಂಡತಿ ಫ್ರೀಡಾ ಹದಿನೈದು ದಿನ ಒಲೆ ಹಚ್ಚಗೊಡಲಿಲ್ಲ. ಮರಿಗಳೇನೋ ಹಾರಿಹೋದವು. ಗೋಡಿಯ ಚೀಸು ಕುರುಡಾಯಿತು.

ತೂತು ಬೀಳದ ಚೀಸನ್ನು ಇಲ್ಲಿ ಕುರುಡು ಚೀಸ್ ಎನ್ನುತ್ತಾರೆ. ಎಲ್ಲರ ಮನೆ ದೋಸೆಯೂ ತೂತು ಎಂಬ ಸಮಾಧಾನ ಎಮ್ಮೆಂಟಾಲ್ ಕಣಿವೆಯಲ್ಲಿ ನಡೆಯದು; ಇಲ್ಲಿ ತೂತಿಲ್ಲದಿದ್ದರೇ ಮಾನ ಹೋಗುವುದು.

ಅವತ್ತು ಬೆಳಿಗ್ಗೆ ಗೋಡಿ ಗಾಡಿಚಕ್ರದಷ್ಟಿದ್ದ ತನ್ನ ಏಳೂ ಚೀಸ್ ಗಾಲಿಗಳನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ. ಆರು ಗಾಲಿಗಳು ಗೋಣಿಚೀಲಕ್ಕೆ ಗುದ್ದಿದ ಹಾಗೆ ‘ದಬ್’ ಎಂದವು. ಏಳನೆಯದೊಂದೇ ಒಳಗೆ ತೂತು ಬಿದ್ದಂತೆ ‘ಢುಂ’ ಎಂದಿತು. ಅದರ ನೆತ್ತಿಯೂ ಪೂರಿಯಂತೆ ಉಬ್ಬಿತ್ತು.

“ಏನಾಯ್ತು ಭಾವ?” ಎನ್ನುತ್ತ ಫ್ರೀಡಾಳ ತಮ್ಮ ಕ್ರಿಸ್ಟನ್ ಹಾಲಿನ ಕ್ಯಾನಿನೊಂದಿಗೆ ಇಳಿದು ಬಂದ.

“ಬ್ಯಾಕ್ಟೀರಿಯಾ ಚಳಿಗೆ ಮುದುರಿಕೊಂಡಿವೆ ಕಣೋ. ಮೊದಲನೇ ಪಂಕ್ತಿಯವು ಹಾಲಿನ ಸಕ್ಕರೆ ತಿಂದು, ಹುಳಿ ಮಾಡಿಟ್ಟು ಎದ್ದು ಹೋದ್ವು. ಎರಡನೇ ಪಂಕ್ತಿಯವಕ್ಕೆ ಆ ಹುಳಿಯೇ ಊಟ, ಬದುಕೋ ಶಕ್ತಿಯೆಲ್ಲ ಅದರಿಂದಲೇ. ಅವು ಉಂಡು ತೇಗಿದ್ರೆ ತಾನೆ ತೂತು? ಇವು ತಟ್ಟೆ ಮುಂದೆ ಕೂತೇ ಗೊರಕೆ ಹೊಡೀತಿವೆ!”

ಮಧ್ಯಾಹ್ನ ಮೂರಕ್ಕೆ ಕಣಿವೆಯ ಚೀಸ್ ಸಂಘದ ಪರೀಕ್ಷಕ ಟ್ರಾಕ್ಸೆಲ್ ಬರುವವರಿದ್ದರು. ಹಿಂದೆ ಎರಡು ಸಲ ಗೋಡಿಯ ಚೀಸ್ ತಿರಸ್ಕೃತವಾಗಿತ್ತು. ಮೂರನೆಯ ಸಲವೂ ಹಾಗಾದರೆ ಊರಿನ ಹಾಲೆಲ್ಲ ಕೆಳಗಿನ ಕಾರ್ಖಾನೆಗೆ. ಗೋಡಿಯ ತಾಮ್ರದ ಹಂಡೆಯಲ್ಲಿ ಜೇಡನ ಸಂಸಾರ.

“ಮುಚ್ಚೋ ಮಾತೇ ಇಲ್ಲ,” ಎಂದ ಗೋಡಿ, ತೋಳು ಮಡಿಸುತ್ತ. “ಢುಂ ಅನ್ನೋದೊಂದು ಇಲ್ಲಿರಲಿ. ಮಿಕ್ಕ ಆರನ್ನೂ ಬೆಚ್ಚಗಿರೋ ಮನೆಗಳಿಗೆ ಸಾಗಿಸೋಣ. ಪರೀಕ್ಷಕರ ಕಣ್ಣಿಗೂ ಬೀಳಲ್ಲ, ಬ್ಯಾಕ್ಟೀರಿಯಾಕ್ಕೂ ಎಚ್ಚರ ಆಗುತ್ತೆ.”

ಒಂದೊಂದು ಗಾಲಿಯೂ ತೊಂಬತ್ತು ಕಿಲೋ. ಕೈಗಾಡಿಯ ಮೆರವಣಿಗೆ ಹೊರಟಿತು. ಎರಡು ಕ್ರಿಸ್ಟನ್ನನ ಅಡುಗೆಮನೆಗೆ, ಎರಡು ಹೋಟೆಲಿನ ಬಿಸಿನೀರಿನ ಕೋಣೆಗೆ. ಐದನೆಯದನ್ನು ಪಕ್ಕದ ಮನೆಯ ಹುಲ್ಡಾ ಅಜ್ಜಿ ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡು, ಗರಿಯ ರಜಾಯಿ ಹೊದಿಸಿದಳು.

“ನಮ್ಮ ಮನೆಯವರು ಹೋಗಿ ಹನ್ನೊಂದು ವರ್ಷ ಆಯ್ತು. ಇದು ಅವರಷ್ಟೇ ದಪ್ಪ, ಆದ್ರೆ ಗೊರಕೆ ಹೊಡಿಯಲ್ಲ,” ಎಂದಳು. ಯಾರಿಗೂ ಹೇಳಬೇಡಿ ಎಂದು ಗೋಡಿ ಕೈಮುಗಿದ. ಅಜ್ಜಿ ಒಪ್ಪಿದಳು. ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಯಿತು.

ಆರನೆಯದು ಇಳಿಜಾರಿನಲ್ಲಿ ಗಾಡಿಯಿಂದ ಜಿಗಿದು ತಾನೇ ಹೊರಟಿತು. ಕೋಳಿಗಳನ್ನು ಚದುರಿಸಿತು, ಬೇಲಿ ಮುರಿಯಿತು, ಚರ್ಚಿನ ಬಾಗಿಲಿಗೆ ಢಿಕ್ಕಿ ಹೊಡೆದು ಮಲಗಿತು. ಗೋಡಿ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಪಾದ್ರಿ ಹೊರಗೆ ನಿಂತಿದ್ದರು.

“ಬಾರಪ್ಪ ಗೋಡಿ. ಕ್ರಿಸ್ಮಸ್‌ನಿಂದ ನಿನ್ನ ದಾರಿ ನೋಡ್ತಿದ್ದೆ. ನೀನು ಬರಲಿಲ್ಲ, ನಿನ್ನ ಚೀಸಿಗಾದ್ರೂ ಬುದ್ಧಿ ಬಂತು.”

ಮುಂದಿನ ಭಾನುವಾರ ತಪ್ಪದೆ ಬರುತ್ತೇನೆಂದು ಮಾತು ಕೊಟ್ಟ ಮೇಲೆ ಪಾದ್ರಿ ಅದನ್ನು ಒಳಗಿಟ್ಟುಕೊಂಡರು.

ಮೂರು ಗಂಟೆಗೆ ಗೋಡಿ ಬೆವರು ಒರೆಸಿ ನಿಲ್ಲುವುದಕ್ಕೂ ಟ್ರಾಕ್ಸೆಲ್ ಬರುವುದಕ್ಕೂ ಸರಿಹೋಯಿತು. ಹಿಂದೆಯೇ ಕ್ರಿಸ್ಟನ್, ಹುಲ್ಡಾ ಅಜ್ಜಿ, ಪಾದ್ರಿ, ಅರ್ಧ ಊರು.

“ಗೋಡಿ, ನಾನು ಬಂದಿದ್ದು...” ಎಂದು ಟ್ರಾಕ್ಸೆಲ್ ಚೀಲಕ್ಕೆ ಕೈಹಾಕಿದರು.

“ಮಾತು ಆಮೇಲೆ ಸಾಹೇಬ್ರೆ! ಮೊದಲು ಇದನ್ನ ಕೊರೆದು ನೋಡಿ!” ಗೋಡಿ ಅವರ ಕೈ ಹಿಡಿದೇ ಎಳೆದ.

ಟ್ರಾಕ್ಸೆಲ್ ನಿಟ್ಟುಸಿರಿಟ್ಟು, ಉಬ್ಬಿದ ನೆತ್ತಿಗೆ ಕೊರೆಕಡ್ಡಿ ತೂರಿಸಿದರು. ‘ಸ್ಸ್ಸ್’ ಎಂದಿತು. ಚೀಸು ನಡುವಿಗೇ ಬಿರಿಯಿತು. ಅದರಿಂದ ಹೊರಟ ನಾತ, ಇಡೀ ಸೈನ್ಯ ಒಂದೇ ಸಲ ಬೂಟು ಬಿಚ್ಚಿದಂತಿತ್ತು.

“ಇವು ಕಳ್ಳ ಬ್ಯಾಕ್ಟೀರಿಯಾ,” ಎಂದರು ಟ್ರಾಕ್ಸೆಲ್, ಮೂಗು ಮುಚ್ಚಿ. “ತೂತು ಮಾಡೋವು ತಿನ್ನೋ ಹುಳಿಯೇ ಇವಕ್ಕೂ ಊಟ. ಆದ್ರೆ ಉಂಡ ಮನೆ ಕೆಡಿಸ್ತಾವೆ. ಯಾರೋ ಹಸುಗೆ ಹುದುಗಿಸಿದ ಹುಲ್ಲು ಹಾಕಿದ್ದಾರೆ, ಇವು ಹಾಲಿಗೆ ಬರೋದೇ ಅದರಿಂದ.”

ಕ್ರಿಸ್ಟನ್ ತನ್ನ ಬೂಟು ನೋಡತೊಡಗಿದ. “ಒಂದೇ ದಿನ ಭಾವ... ಒಣಹುಲ್ಲು ಮುಗಿದಿತ್ತು.”

“ಸಾಹೇಬ್ರೆ, ಇನ್ನೂ ಆರಿವೆ!” ಗೋಡಿ ಬಿಡಲಿಲ್ಲ. “ಕುರುಡಾಗಿವೆ ನಿಜ, ಆದ್ರೆ ಚೊಕ್ಕಟವಾಗಿವೆ.”

“ಎಲ್ಲಿ?”

“ನನ್ನ ಹಾಸಿಗೇಲೊಂದಿದೆ,” ಎಂದಳು ಹುಲ್ಡಾ ಅಜ್ಜಿ ಹೆಮ್ಮೆಯಿಂದ.

ಟ್ರಾಕ್ಸೆಲ್ ಕೊರೆಕಡ್ಡಿ ಒರೆಸಿ ಒಳಗಿಟ್ಟರು. ಆಮೇಲೆ ಚೀಲದಿಂದ ಒಂದು ಪತ್ರ ತೆಗೆದು, ನಿಧಾನವಾಗಿ ನಾಲ್ಕು ತುಂಡು ಮಾಡಿದರು.

“ಈ ಸಲ ವಸಂತದಲ್ಲೂ ಚಳಿ ಬಿಡಲಿಲ್ಲ. ಕಣಿವೆಯವರ ಚೀಸೆಲ್ಲ ಕುರುಡೇ. ಒಲೆ ಹಚ್ಚಿ ಕಾಯಿರಿ ಅಂತ ಸಂಘ ಎಲ್ಲರಿಗೂ ಮೂರು ವಾರ ಗಡುವು ಕೊಟ್ಟಿದೆ. ಆ ಪತ್ರ ಕೊಡೋಕೆ ಬಂದೆ. ಪರೀಕ್ಷೆ ಇವತ್ತು ಇರಲೇ ಇಲ್ಲ. ಕೈ ಹಿಡಿದು ಕೊರೆಸಿದವನು ನೀನು. ಇನ್ನು ಆ ಆರು? ಹೊಸ್ತಿಲು ದಾಟಿ ಹಾಸಿಗೆ ಹತ್ತಿದ ಚೀಸಿಗೆ ಸಂಘದ ಮುದ್ರೆ ಬೀಳಲ್ಲ.”

ಪುಸ್ತಕ ತೆರೆದು ಬರೆದರು: ‘ನೆಲಮಾಳಿಗೆಯಲ್ಲಿರುವ ಚೀಸ್: ಒಂದು. ದರ್ಜೆ: ಕೆಟ್ಟದ್ದು. ತಿರಸ್ಕಾರ: ಮೂರನೆಯದು.’

ಗೋಡಿ ಬಿರಿದ ಚೀಸನ್ನೊಮ್ಮೆ, ಊರವರನ್ನೊಮ್ಮೆ ನೋಡಿದ. ಸೊಂಟದ ಪಟ್ಟಿ ಬಿಗಿದು, ತಲೆಯೆತ್ತಿ, “ನಾಳೆ ಬೆಳಿಗ್ಗೆ ಐದಕ್ಕೇ ಹಂಡೆ ಕಾದಿರುತ್ತೆ. ಹಾಲು ಯಾರ್ಯಾರು ತರ್ತೀರಿ?” ಎಂದು ಗುಡುಗಿದ.

ಬಾಯಿ ತೆರೆದರೆ ಆ ನಾತ ಒಳಗೆ ಹೋಗುತ್ತದೆಂದು ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು.