ಬಂಗುಡೆ ಲಿಮಿಟೆಡ್, ಕಾಶ್ಯಪ ಗೋತ್ರ

ಇಲ್ಲಿ ಬರೆಯುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನನ್ನ ತಲೆ ಆಮೇಲೆ ಸೇರಿಸಿಕೊಂಡದ್ದು ಎಂದು ನನಗೇ ಖಚಿತವಿಲ್ಲ. ವಿಶ್ವವಿದ್ಯಾಲಯದಲ್ಲಿ ಒಂಬತ್ತು ವರ್ಷ ಕೂತು ನಾನು ಕಲಿತದ್ದು ಒಂದೇ ವಿದ್ಯೆ: ದಾಖಲೆಯಿಲ್ಲದ್ದನ್ನು ನಂಬಬಾರದು. ಅದನ್ನು ಊರವರ ಮೇಲೆಲ್ಲ ಪ್ರಯೋಗಿಸಿ ಮುಗಿಸಿ, ಈಗ ನನ್ನ ಮೇಲೇ ಪ್ರಯೋಗಿಸುತ್ತಿದ್ದೇನೆ. ಬೆಳಿಗ್ಗೆ ಮನೆ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಜರ್ಮನಿಯ ಗಾರ್ಕಿಂಗ್‌ನ ಯು-ಬಾನ್ ರೈಲು ನಿಲ್ದಾಣದಿಂದ ಹಿಂದೆ ಓಡುವವನು ನಾನು. ನೋಡಿ ಬಂದ ಮೇಲೆ, ನೋಡಿದ್ದು ಇವತ್ತೋ ನಿನ್ನೆಯೋ ಎಂದು ಇನ್ನೊಂದು ಅನುಮಾನ!

ಆದರೂ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ನನ್ನ ಭಾವನಷ್ಟು ಕಿರಿಕಿರಿಯ ಮನೆಮಾಲೀಕ ಯುರೋಪಿನಲ್ಲಿ ಇನ್ನೊಬ್ಬನಿಲ್ಲ. ಹಾಗೆಂದು ಹೇಳಿದವರು ಅವರ ಬಾಡಿಗೆದಾರರು. ಆ ಬಾಡಿಗೆದಾರರಷ್ಟು ತಂಟೆಕೋರರು ಭೂಮಿಯ ಮೇಲಿಲ್ಲ ಎಂದು ಹೇಳಿದವರು ಮಾಲೀಕರು. ತೊಂದರೆ ಏನೆಂದರೆ, ಇಬ್ಬರೂ ನಮ್ಮ ಭಾವನೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು, ಹೈಡಲ್‌ಬರ್ಗ್‌ನಲ್ಲಿ ಮನೆ, ವಾಲ್‌ಡಾರ್ಫ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಆರೋ ಏಳೋ ವರ್ಷದ ಹಿಂದೆ (ಅಕ್ಕ ಆರು ಎನ್ನುತ್ತಾಳೆ, ಭಾವ ಏಳು, ನಾನು ತಟಸ್ಥ) ರಜೆಯಲ್ಲಿ ಬಲ್ಗೇರಿಯಾಕ್ಕೆ ಹೋದವರು ಕಪ್ಪು ಸಮುದ್ರದ ದಡದಲ್ಲಿ ಒಂದು ಮನೆ ನೋಡಿದರು. ಎರಡು ಕೋಣೆ, ಒಂದು ಅಂಜೂರದ ಮರ, ಕಿಟಕಿ ತೆಗೆದರೆ ಕಡಲು. ಕೊಳ್ಳುವುದೇ ಎಂದು ಹೊರಟಾಗ ಅಲ್ಲಿಯ ವಕೀಲೆ ತಡೆದರು. ಭಾರತದ ಪಾಸ್‌ಪೋರ್ಟಿನವರು ಆ ದೇಶದಲ್ಲಿ ಮನೆ ಕೊಳ್ಳಬಹುದಂತೆ, ಮನೆ ಕೂತಿರುವ ನೆಲ ಕೊಳ್ಳುವಂತಿಲ್ಲವಂತೆ! ಆದರೆ ಅಲ್ಲೇ ಒಂದು ಕಂಪನಿ ಮಾಡಿಕೊಂಡರೆ, ಆ ಕಂಪನಿ ನೆಲ ಕೊಳ್ಳಬಹುದು.

ಭಾವ ಫೋನಿನಲ್ಲಿ ಕುಣಿಯುತ್ತಿದ್ದರು. "ಗೊತ್ತುಂಟಾ ಮಾರಾಯ? ನಲವತ್ತೈದು ವರ್ಷದ ನನಗೆ ಒಂದು ಹಿಡಿ ಮಣ್ಣು ಇಲ್ಲ ಅಂತೆ. ನಾನು ಹುಟ್ಟಿಸಿದ ಕಂಪನಿಗೆ ಇನ್ನೂ ಹಾಲುಹಲ್ಲು ಬರ್ಲಿಲ್ಲ, ಅದು ಆಗ್ಲೇ ಜಮೀನ್ದಾರ!"

"ಕಂಪನಿಗೆ ಹೆಸರು ಎಂತ ಇಟ್ರಿ ಭಾವ?"

"ಬಂಗುಡೆ ಲಿಮಿಟೆಡ್."

"ಬಂಗುಡೆ ಮೀನಾ!"

"ಮತ್ತೆ? ಸಮುದ್ರದ ಹತ್ರ ಇರುವ ಕಂಪನಿಗೆ ಬದನೆಕಾಯಿ ಅಂತ ಇಡ್ಲಿಕ್ಕೆ ಆಗ್ತದಾ? ಮತ್ತೆ ಉದ್ದೇಶ ಅಂತ ಒಂದು ಕಾಲಂ ಉಂಟು. ಕಂಪನಿ ಎಂತ ಮಾಡ್ತದೆ ಅಂತ ಬರೀಬೇಕು. ಅದನ್ನೂ ಸರಿಯಾಗಿ ಬರೆಸಿದ್ದೇನೆ."

"ಎಂತ ಬರೆಸಿದ್ರಿ?"

"ಅದು ವ್ಯಾಪಾರದ ಗುಟ್ಟು," ಎಂದು ಫೋನ್ ಇಟ್ಟರು.

ಇನ್ನು ಗೃಹಪ್ರವೇಶ. ನಮ್ಮವರು ಚಂದ್ರನ ಮೇಲೆ ಮನೆ ಮಾಡಿದರೂ ಹಾಲು ಉಕ್ಕಿಸದೆ ಬಿಡುವವರಲ್ಲ. ಊರಿನ ಭಟ್ಟರು ವೀಡಿಯೋದಲ್ಲಿ ಬಂದರು. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು, ಅದರ ಕುತ್ತಿಗೆಗೂ ಭಾವ ಒಂದು ಹೂವಿನ ಮಾಲೆ ಹಾಕಿದ್ದರು. ಅಕ್ಕ ಜರಿ ಸೀರೆಯುಟ್ಟು ನಿಂತಿದ್ದಳು. ನಾನೂ ಹೋಗಿದ್ದೆ. ಹೋಗಿದ್ದೆ ಎನ್ನುವುದಕ್ಕೆ ವಿಮಾನದ ಟಿಕೆಟ್ ಇದೆ, ಹಾಗಾಗಿ ಇಷ್ಟು ನಂಬಬಹುದು.

ಸಂಕಲ್ಪಕ್ಕೆ ಭಟ್ಟರು ಕೇಳಿದರು: "ಯಜಮಾನರ ಹೆಸರು?"

ಭಾವ ಸುಳ್ಳು ಹೇಳುವವರಲ್ಲ, ಅದೂ ಅಗ್ನಿಸಾಕ್ಷಿಯಾಗಿ. "ಭಟ್ರೇ, ಮನೆ ನನ್ನ ಹೆಸರಲ್ಲಿಲ್ಲ. ಕಂಪನಿ ಹೆಸರಲ್ಲಿ ಉಂಟು."

"ಹಾಗಾದ್ರೆ ಫಲ ಯಾರಿಗೆ ಹೋಗ್ಬೇಕು?"

"ಕಾನೂನು ಪ್ರಕಾರ ಕಂಪನಿಗೇ."

ಭಟ್ಟರು ಕಣ್ಣು ಮುಚ್ಚಿ ಅಲುಗಾಡದೆ ಕೂತರು. ನೆಟ್‌ವರ್ಕ್ ನಿಂತಿತೆಂದು ನಾವು ಗಾಬರಿಯಾದೆವು. ಇಲ್ಲ, ಅವರು ಶಾಸ್ತ್ರ ಹುಡುಕುತ್ತಿದ್ದರು. "ಕಂಪನಿಯ ಗೋತ್ರ ಎಂತ?"

"ಅದೇ ಗೊತ್ತಿಲ್ಲ."

"ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ. ಹುಟ್ಟಿದ ದಿನ, ಗಳಿಗೆ ಹೇಳಿ, ನಕ್ಷತ್ರ ತೆಗೀತೇನೆ."

"ನೋಂದಣಿ ಆದದ್ದು ಮಂಗಳವಾರ, ಹನ್ನೊಂದೂವರೆಗೆ. ಬಲ್ಗೇರಿಯಾ ಟೈಮು."

ಹೀಗೆ ಬಂಗುಡೆ ಲಿಮಿಟೆಡ್ ಕಾಶ್ಯಪ ಗೋತ್ರದಲ್ಲಿ, ಯಾವುದೋ ಒಳ್ಳೆಯ ನಕ್ಷತ್ರದಲ್ಲಿ ಹುಟ್ಟಿತು. ಯಜಮಾನರು ಮಣೆಯ ಮೇಲೆ ಕೂತುಕೊಳ್ಳಿ ಎಂದರು ಭಟ್ಟರು. ಭಾವ ನೋಂದಣಿ ಪತ್ರವನ್ನು ತಂದು ಮಣೆಯ ಮೇಲೆ ಕೂರಿಸಿ, ಅರಶಿನ ಹಚ್ಚಿ, ಕುಂಕುಮವಿಟ್ಟು, ತಾವು ಪಕ್ಕದಲ್ಲಿ ಕೈಮುಗಿದು ನಿಂತರು. ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು: "ಈಗ ನಾನು ಯಾರ ಎಡಕ್ಕೆ ನಿಲ್ಬೇಕು ಮಾರಾಯ? ಗಂಡನದ್ದಾ, ಕಾಗದದ್ದಾ?"

ಸರಿ, ಮನೆಯಾಯಿತು. ಇರುವುದು ಹೇಗೆ? ಕಂಪನಿಯ ಮನೆಯಲ್ಲಿ ನಿರ್ದೇಶಕರು ಪುಕ್ಕಟೆ ಉಳಿದರೆ ತೆರಿಗೆಯವರು ಪ್ರಶ್ನೆ ಕೇಳಬಹುದು, ಬಾಡಿಗೆ ಕರಾರು ಮಾಡಿಕೊಳ್ಳಿ ಎಂದರು ವಕೀಲೆ. ಬೇರೆಯವರಾದರೆ ಒಂದು ಕಾಗದಕ್ಕೆ ಎರಡು ಸಹಿ ಹಾಕಿ ಮರೆಯುತ್ತಿದ್ದರು. ಭಾವ ಹದಿನೇಳು ವರ್ಷ ಜರ್ಮನಿಯಲ್ಲಿದ್ದವರು! ಇಲ್ಲಿಯ ಮನೆಮಾಲೀಕರಿಂದ ಪಡೆದ ಪತ್ರಗಳನ್ನೆಲ್ಲ ಫೈಲು ಮಾಡಿಟ್ಟವರು. ಮಾಲೀಕನಾಗುವ ಅವಕಾಶ ಜನ್ಮದಲ್ಲೊಮ್ಮೆ ಸಿಕ್ಕಿದೆ, ಬಿಡುತ್ತಾರೆಯೇ?

ಮೊದಲು ಹೌಸ್‌ಓರ್ಡ್‌ನುಂಗ್ ಬಂತು, ಅಂದರೆ ಗೋಡೆಗೆ ಅಂಟಿಸುವ ಮನೆಯ ನಿಯಮಾವಳಿ. ಭಾನುವಾರ ಮೊಳೆ ಹೊಡೆಯಬಾರದು. ಮಧ್ಯಾಹ್ನ ಒಂದರಿಂದ ಮೂರರ ತನಕ ಮಿಕ್ಸಿ ತಿರುಗಿಸಬಾರದು. ಎರಡನೇ ಬೇಸಗೆಯಲ್ಲಿ ಬಾಡಿಗೆದಾರರಿಗೆ ಒಂದು ಎಚ್ಚರಿಕೆ ಪತ್ರ ಬಂತು: ಕಿಟಕಿ ಮುಚ್ಚಿಕೊಂಡು ಮೀನು ಕಾಯಿಸಿದ್ದರಿಂದ ಗೋಡೆಗೆ ವಾಸನೆ ಹಿಡಿದಿದೆ, ಹದಿನಾಲ್ಕು ದಿನದೊಳಗೆ ಉತ್ತರಿಸಿ. ಬಾಡಿಗೆದಾರರು ಊಟದ ಮೇಜಿನಲ್ಲೇ ಕೂತು ಉತ್ತರ ಬರೆದರು: ಕಿಟಕಿಯ ಚಿಲಕ ಕೆಟ್ಟು ಮೂರು ತಿಂಗಳಾಯಿತು, ಮಾಲೀಕರು ಗಮನವನ್ನೇ ಹರಿಸಿಲ್ಲ, ಇದು ಖಂಡನೀಯ. ಮೇಜಿನ ಆ ಬದಿಗೆ ಹೋಗಿ ಕೂತು ಓದಿದ ಮಾಲೀಕರ ಮುಖ ನಿಜವಾಗಿಯೂ ಕೆಂಪಾಯಿತು!

ಅಕ್ಕ ಅಡುಗೆಮನೆಯಿಂದ ಕೂಗಿದಳು: "ಜಗಳ ಸಾಕು. ಇಬ್ಬರೂ ಒಟ್ಟಿಗೆ ಊಟಕ್ಕೆ ಬನ್ನಿ ಮಾರಾಯ್ರೆ, ಸಾರು ತಣ್ಣಗಾಗ್ತದೆ."

ಇನ್ನು ವಾರ್ಷಿಕ ಸಭೆ. ಕಂಪನಿಯಲ್ಲಿ ಭಾವನಿಗೂ ಅಕ್ಕನಿಗೂ ಸಮಪಾಲು. ಸಮ ಮತ ಬಿದ್ದರೆ ಅಧ್ಯಕ್ಷರದು ನಿರ್ಣಾಯಕ ಮತ. ಅಧ್ಯಕ್ಷರು ಯಾರೆಂದು ಹೇಳಬೇಕೆ? ಹೈಡಲ್‌ಬರ್ಗ್‌ನ ಅಡುಗೆಮನೆಯಲ್ಲಿ, ನೀರುದೋಸೆಯ ಕಾವಲಿಯ ಪಕ್ಕದಲ್ಲಿ ಸಭೆ. ನಡಾವಳಿ ಬರೆಯಲು ಗಾರ್ಕಿಂಗ್‌ನಿಂದ ನಾನು ಹೋಗಬೇಕು. ಹೊರಗಿನವರು ಬರೆದರೆ ನಿಷ್ಪಕ್ಷಪಾತವಂತೆ. ಪರದೆಯ ಬಣ್ಣ ಹಸಿರಾಗಲಿ ಎಂದು ಅಕ್ಕನ ಮತ, ನೀಲಿಯಾಗಲಿ ಎಂದು ಭಾವನ ಮತ, ನಿರ್ಣಾಯಕ ಮತ ನೀಲಿಗೆ. ಬಾತ್‌ರೂಮಿನ ನಲ್ಲಿ, ಅಂಜೂರದ ಮರದ ಗೆಲ್ಲು ಕಡಿಯುವುದು, ಎಲ್ಲಕ್ಕೂ ಅದೇ ಕತೆ. "ನನಗೆ ಇದಕ್ಕಿಂತ ಮದುವೆಯೇ ವಾಸಿ," ಎಂದಳು ಅಕ್ಕ. "ಅದರಲ್ಲಿ ನಡಾವಳಿ ಇರ್ಲಿಲ್ಲ, ಅದಕ್ಕೆ ನಾನೇ ಗೆಲ್ತಿದ್ದೆ."

ಕಳೆದ ವರ್ಷದ ಚಳಿಗಾಲದಲ್ಲಿ ವಕೀಲೆಯ ಪತ್ರ ಬಂತು. ಬರೇ ಮನೆ ಇಟ್ಟುಕೊಳ್ಳಲೆಂದೇ ಹುಟ್ಟಿದ ಕಂಪನಿಗಳ ಬಗ್ಗೆ ಅಲ್ಲಿ ಪ್ರಶ್ನೆ ಎದ್ದಿದೆಯಂತೆ. ಯಾರಿಗೋ ನೋಟಿಸು ಬಂದಿದೆಯಂತೆ. ನಿಯಮ ಬಿಗಿಯಾಗಬಹುದು, ಆಗದೆಯೂ ಇರಬಹುದು. ಇಂಥ ಕಂಪನಿಯ ಕರಾರನ್ನು ನ್ಯಾಯಾಲಯ ನೆಪವೆಂದು ಕರೆಯಬಹುದು, ಕರೆಯದೆಯೂ ಇರಬಹುದು. ಅನುಮಾನವನ್ನೇ ಉಂಡು ಬದುಕುವ ನನಗೂ ಆ ಪತ್ರ ಓದಿ ತಲೆ ಸುತ್ತಿತು. ಕೊನೆಯಲ್ಲಿ ಎರಡು ದಾರಿ ಕೊಟ್ಟಿದ್ದರು: ಮಾರಿಬಿಡಿ, ಅಥವಾ ಯುರೋಪಿನ ಯಾವುದಾದರೂ ದೇಶದ ಪ್ರಜೆಯಾಗಿ ನಿಮ್ಮ ಸ್ವಂತ ಹೆಸರಿಗೇ ಮಾಡಿಕೊಳ್ಳಿ. ತಾಜಾಕಲಂ: ನೀವು ಕಳಿಸಿದ ನೋಂದಣಿ ಪತ್ರದ ಮುದ್ರೆಯ ಮೇಲೆ ಹಳದಿ ಬಣ್ಣ ಮೆತ್ತಿಕೊಂಡಿದೆ, ಏನದು?

ಭಾವ ಯಾವುದಕ್ಕೂ ಅಳುಕದವರು, ಎರಡನೇ ದಾರಿಗೆ ಅಳುಕಿದರು. ಜರ್ಮನಿಯೇನೋ ಎರಡು ಪಾಸ್‌ಪೋರ್ಟ್ ಇಟ್ಟುಕೋ ಎನ್ನುತ್ತದೆ. ನಮ್ಮ ದೇಶ ಒಂದೇ ಎನ್ನುತ್ತದೆ, ಜರ್ಮನ್ನರಾದರೆ ನಮ್ಮದನ್ನು ಬಿಡಬೇಕು. ಭಾವನ ನೀಲಿ ಪಾಸ್‌ಪೋರ್ಟ್ ಕುಚ್ಚಲಕ್ಕಿಯ ಡಬ್ಬದೊಳಗೆ, ಬಟ್ಟೆಯಲ್ಲಿ ಸುತ್ತಿಕೊಂಡು, ಪಕ್ಕದಲ್ಲಿ ವೋಟರ್ ಕಾರ್ಡ್ ಇಟ್ಟುಕೊಂಡು ಇರುತ್ತದೆ. ಚುನಾವಣೆ ಬಂದರೆ ಒಂದು ಓಟು ಹಾಕಲು ವಿಮಾನ ಹತ್ತುವ ಮನುಷ್ಯ! ಆಫೀಸಿನ ಗೆಳೆಯರು ಒಬ್ಬೊಬ್ಬರೇ ಜರ್ಮನ್ನರಾಗುತ್ತಿದ್ದಾಗ "ಅವರು ಹೋಗ್ಲಿ, ನಮ್ಮ ಬೂತಿನಲ್ಲಿ ನನ್ನ ಹೆಸರು ಕೂಗ್ಲಿಕ್ಕೆ ಉಂಟು" ಎನ್ನುತ್ತಿದ್ದವರು.

ವಿಶೇಷ ಸಭೆ ಸೇರಿತು. ಅಂದು ಕಾವಲಿಯ ಮೇಲೆ ದೋಸೆ ಇರಲಿಲ್ಲ.

"ಮಾರುವ," ಎಂದಳು ಅಕ್ಕ. "ಪಾಸ್‌ಪೋರ್ಟ್ ಬಿಡುವುದು ಬೇಡ. ನಿಮಗೆ ಅದು ಎಂತ ಅಂತ ನನಗೆ ಗೊತ್ತುಂಟು. ನನಗೆ ಕಡಲು ಎಂತಕ್ಕೆ? ನಾನೇನು ಕೇಳಿದ್ದೇನಾ?"

"ಕೇಳಿದ್ದಿ," ಎಂದರು ಭಾವ.

"ಯಾವಾಗ?"

"ಬಂದ ಮೊದಲ ಚಳಿಗಾಲ. ಇಲ್ಲಿ ಎಲ್ಲ ಉಂಟು, ಕಡಲಿನ ಸದ್ದೊಂದಿಲ್ಲ, ಕಿವಿ ಖಾಲಿ ಆದ ಹಾಗೆ ಆಗ್ತದೆ ಅಂತ ಹೇಳಿದ್ದಿ. ಇದೇ ಮೇಜಿನಲ್ಲಿ."

"ನಾನಾ? ಸುಮ್ಮನೆ ಎಂತದೋ ಹುಟ್ಟಿಸ್ಬೇಡಿ."

ಭಾವ ನನ್ನ ಕಡೆ ತಿರುಗಿದರು. "ನೀನಿದ್ದಿಯಲ್ಲ ಮಾರಾಯ ಅವತ್ತು. ಹೇಳು."

ಅಕ್ಕನೂ ನಾನೂ ಮಲ್ಪೆಯಲ್ಲಿ ಅಲೆಯ ಸದ್ದಿನೊಳಗೇ ಬೆಳೆದವರು. ಅವಳು ಹಾಗೆ ಹೇಳಿದ ಹಾಗೆ ನನಗೂ ಮಸುಕಾಗಿ ನೆನಪಿತ್ತು. ಆದರೆ ಅದು ಅವಳು ಹೇಳಿದ್ದೋ, ನನಗೇ ಅನಿಸಿದ್ದೋ, ಈಗ ಭಾವ ಹೇಳಿದ ಮೇಲೆ ಹುಟ್ಟಿದ್ದೋ? ನನ್ನ ಒಂಬತ್ತು ವರ್ಷದ ವಿದ್ಯೆ ಎದ್ದು ನಿಂತಿತು. "ಖಚಿತವಾಗಿ ಹೇಳ್ಲಿಕ್ಕೆ ಆಗುವುದಿಲ್ಲ ಭಾವ," ಎಂದೆ.

ಭಾವ ತಲೆಯಾಡಿಸಿದರು. ತಮಾಷೆ ಮಾಡಲಿಲ್ಲ. ಮಾರಲು ಅಕ್ಕನ ಮತ, ಮಾರದಿರಲು ಭಾವನ ಮತ. ನಿರ್ಣಾಯಕ ಮತಕ್ಕಾಗಿ ಪೆನ್ನು ಹಿಡಿದು ಕಾದೆ. ಪರದೆಯ ಬಣ್ಣಕ್ಕೂ ಅದನ್ನು ಚಲಾಯಿಸಿದ ಮನುಷ್ಯ ಅವತ್ತು ಚಲಾಯಿಸಲಿಲ್ಲ. ಎದ್ದು ಹೋಗಿ ಡಬ್ಬದ ಅಕ್ಕಿಯೊಳಗೆ ಕೈಹಾಕಿ ಪಾಸ್‌ಪೋರ್ಟ್ ತೆಗೆದು, ಬಟ್ಟೆ ಬಿಚ್ಚಿ, ಅಂಟಿದ್ದ ಅಕ್ಕಿಯ ತೌಡನ್ನು ಅಂಗಿಯಿಂದ ಒರೆಸಿ, ಮೇಜಿನ ಮೇಲಿಟ್ಟರು. "ಫಾರ್ಮ್ ತುಂಬ್ಲಿಕ್ಕೆ ನಂಬರ್ ಬೇಕಾಗ್ತದೆ," ಎಂದರು, ಅಷ್ಟೇ.

ಪೌರತ್ವದ ಅರ್ಜಿ ಈಗ ಕಚೇರಿಯ ಸರದಿಯಲ್ಲಿದೆ. ಪೌರತ್ವ ಬಂದ ಮೇಲೆ ಭಾವ ತಮ್ಮದೇ ಕಂಪನಿಯಿಂದ ಮನೆ ಕೊಳ್ಳಬೇಕು. ಮಾರುವವರು ಬಲು ಕಠಿಣ, ಚೌಕಾಶಿಗೆ ಬಗ್ಗುವುದಿಲ್ಲ ಎಂದು ಈಗಲೇ ದೂರುತ್ತಿದ್ದಾರೆ. ಅಷ್ಟರೊಳಗೆ ನಿಯಮ ಎತ್ತ ಹೊರಳುವುದೋ ಯಾರಿಗೂ ಗೊತ್ತಿಲ್ಲ.

ನನಗೆ ಮಾತ್ರ ಆ ಸಭೆಯ ನಂತರ ಸಮಾಧಾನವಿರಲಿಲ್ಲ. ಸಾಕ್ಷಿ ಹೇಳೆಂದಾಗ ಜಾರಿಕೊಂಡವನಿಗೆ ಎಲ್ಲಿಯ ಸಮಾಧಾನ? ಒಂದು ಭಾನುವಾರ ಬಲ್ಗೇರಿಯಾದ ಕಂಪನಿ ನೋಂದಣಿಯ ಜಾಲತಾಣ ತೆಗೆದು ಕೂತೆ. ಅದು ಸಾರ್ವಜನಿಕ, ಯಾರೂ ನೋಡಬಹುದು. ಗೊತ್ತಿಲ್ಲದ ಲಿಪಿ. ಫೋನಿನ ಅನುವಾದವನ್ನು ನಂಬದೆ, ನಮ್ಮ ಸಂಸ್ಥೆಯ ಬಲ್ಗೇರಿಯನ್ ಸಹೋದ್ಯೋಗಿಯ ಹತ್ತಿರ ಸೋಮವಾರ ಎರಡು ಸಲ ಓದಿಸಿದೆ. ಆಮೇಲೆ ಅದನ್ನು ಅಕ್ಕನಿಗೆ ಕಳಿಸಿದೆ.

ಬಂಗುಡೆ ಲಿಮಿಟೆಡ್. ನೋಂದಣಿಯಾದದ್ದು ಒಂದು ಮಂಗಳವಾರ, ಏಳು ವರ್ಷದ ಹಿಂದೆ. ಉದ್ದೇಶ: ಸ್ಥಿರಾಸ್ತಿಯ ಖರೀದಿ, ಅದರ ನಿರ್ವಹಣೆ, ಹೆಂಡತಿಗೆ ಕಡಲಿನ ಸದ್ದು ಕೇಳಿಸುವುದು, ಮತ್ತು ಕಾನೂನು ನಿಷೇಧಿಸದ ಇತರ ಎಲ್ಲ ಚಟುವಟಿಕೆ.