ಅತ್ತೆಗೆ ಬೇಕಾದ ವೈಸು

ನಮ್ಮ ಅತ್ತೆಯಿಂದ ಒಂದು ಕೆಲಸ ಆಗಬೇಕಾದರೆ ಆಕೆಯ ಕಾಲಿಗೆ ಬಿದ್ದು ಪ್ರಯೋಜನವಿಲ್ಲ. ‘ಇದು ನಿನ್ನ ಕೈಲೆ ಆಗೂದಿಲ್ಲ ಬಿಡು’ ಎಂದು ಹೇಳಿ ಪಕ್ಕಕ್ಕೆ ಸರಿದು ನಿಲ್ಲಬೇಕು, ಅಷ್ಟೇ. ಹಾನಗಲ್ಲಿನ ಆಕೆಯ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡೊಂದು ಎದ್ದದ್ದೇ ಹೀಗೆ. ಮುರಿದ ಮಣೆಯೊಂದನ್ನು ಒಯ್ದು ತೋರಿಸಿದಾಗ ಬಡಿಗನೊಬ್ಬ, ನಾಲ್ಕು ದಿನ ಬಿಟ್ಟು ಬರ್ರಿ, ಇದೇನು ಹೆಂಗಸರು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ ಎಂದನಂತೆ. ಪಾಪ, ತನ್ನ ಹೊಟ್ಟೆಯ ಮೇಲೆ ತಾನೇ ಕಲ್ಲು ಹಾಕಿಕೊಂಡ!

ಅಂದಿನಿಂದ ಓಣಿಯ ಈಳಿಗೆ, ಕಿಟಕಿಯ ಕೊಂಡಿ, ಹಿಡಿಕೆ ಕಳಚಿದ ಹಂಚು, ಕಾಲು ಸೊಟ್ಟಗಾದ ಕುರ್ಚಿ ಎಲ್ಲವೂ ಆ ಶೆಡ್ಡಿನ ದಾರಿ ಹಿಡಿದವು. ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅರವತ್ತು ದಾಟಿದ ಹೆಂಗಸು ಗರಗಸ ಎಳೆಯುವುದನ್ನು ನೋಡಲು ಮೊದಮೊದಲು ಜನ ಬಂದು ನಿಲ್ಲುತ್ತಿದ್ದರು. ನಿಂತವರ ಕೈಗೆಲ್ಲ ಅತ್ತೆ ಒಂದೊಂದು ತುಂಡು ಪಾಲಿಶ್ ಪೇಪರ್ ಕೊಟ್ಟು ಕಟ್ಟಿಗೆ ಉಜ್ಜಲು ಹಚ್ಚತೊಡಗಿದ ಮೇಲೆ ಬರುವುದನ್ನು ಬಿಟ್ಟರು.

ಇಂಥ ಅತ್ತೆಗೆ ಒಂದು ದಿನ ವೈಸು ಬೇಕೆನಿಸಿತು. ಗ್ಯಾರೇಜುಗಳಲ್ಲಿ ನೀವೂ ನೋಡಿರುತ್ತೀರಿ: ಮೇಜಿಗೆ ಬಿಗಿದ ಕಬ್ಬಿಣದ ದವಡೆ. ನಡುವೆ ಏನನ್ನಾದರೂ ಇಟ್ಟು ಮುಂದಿನ ಸರಳನ್ನು ತಿರುವಿದರೆ ಅಲುಗಾಡದಂತೆ ಕಚ್ಚಿ ಹಿಡಿಯುತ್ತದೆ. ನಾನು ದೊಡ್ಡ ಜಾಣನಂತೆ ಹುಬ್ಬಳ್ಳಿಯಿಂದ ಫಳಫಳ ಹೊಳೆಯುವ ನೀಲಿ ಬಣ್ಣದ ಹೊಸ ವೈಸನ್ನೇ ತಂದುಕೊಟ್ಟೆ. ಅತ್ತೆ ಅದರಲ್ಲಿ ಒಂದು ಸೊಟ್ಟ ಸಲಾಕೆಯನ್ನು ಸಿಕ್ಕಿಸಿ ಸುತ್ತಿಗೆಯಿಂದ ಎರಡು ಕೊಟ್ಟಳು. ಸಲಾಕೆ ಇದ್ದ ಹಾಗೇ ಇತ್ತು. ವೈಸಿನ ಒಂದು ದವಡೆ ಉದುರಿ ನೆಲಕ್ಕೆ ಬಿತ್ತು. ಅತ್ತೆ ನನ್ನನ್ನು ಬೈಯಲಿಲ್ಲ. “ಬಣ್ಣ ಮಾತ್ರ ಚಲೋ ಹಚ್ಯಾರ ನೋಡು,” ಎಂದಳು. ಈಗ ಅದು ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಆನಿಸಲು ಬಹಳ ಉಪಯೋಗಕ್ಕೆ ಬರುತ್ತಿದೆ.

ತನಗೆ ಹಳೆಯದೇ ಬೇಕು, ಹಳೆಯ ಕಾಲದ ಗಟ್ಟಿ ಕಬ್ಬಿಣದ್ದೇ ಬೇಕು ಎಂದು ಅತ್ತೆ ಹಟ ಹಿಡಿದಳು. ಅಂಥದು ಈ ಕಡೆ ಎಲ್ಲೂ ಸಿಗುವುದಿಲ್ಲ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಸಿಗುವುದಿಲ್ಲ ಎಂದು ಆಕೆಯ ಎದುರು ಯಾರಾದರೂ ಹೇಳುತ್ತಾರೆಯೇ? ಮುಂದಿನ ರವಿವಾರ ಬೆಳಿಗ್ಗೆ ಅತ್ತೆ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ತೊಡೆಯ ಮೇಲಿನ ಚೀಲದಲ್ಲಿ ರೊಟ್ಟಿಯ ಗಂಟು, ಎಣ್ಣೆಯ ಬಾಟಲಿ ಮತ್ತು ಒಂದು ಸ್ಟೀಲಿನ ಚಮಚ.

ಮೊದಲು ಶಿಗ್ಗಾಂವಿಯ ಗುಜರಿ ಅಂಗಡಿ. ಅಂಗಡಿಯವನು ವೈಸನ್ನು ನನಗೆ ತೋರಿಸಿದ, ಅದರ ಗುಣಗಾನವನ್ನು ನನಗೆ ಹೇಳಿದ, ಅತ್ತೆಗೆ ಕೂರಲು ಸ್ಟೂಲು ಕೊಟ್ಟ. ಅತ್ತೆ ಸ್ಟೂಲನ್ನೇ ತಿರುಗಿಸಿ ಅದರ ಕಾಲು ಸಡಿಲಾಗಿದೆ ಎಂದು ತಿಳಿಸಿ, ವೈಸಿನ ಸರಳು ಹಿಡಿದು ತಿರುವಿದಳು. ಒಳಗಿನ ತಿರುಪಿನ ಸುತ್ತುಗಳು ಸವೆದುಹೋಗಿ ಅದು ಹಿಂದೆ ಮುಂದೆ ಗಡಗಡ ಅಲುಗಿತು. ಅವನು ಬಿಡಲಿಲ್ಲ.

“ಅವ್ವಾರ, ಇದನ್ನ ಒಯ್ದ್ರ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತೈತ್ರಿ.”

“ನನಗ ನನ್ನ ಕಾಲಕ್ಕ ಬೇಕಾಗೈತಪಾ,” ಎಂದು ಅತ್ತೆ ಎದ್ದಳು.

ಅದಾದ ಮೇಲೆ ಸವಣೂರು. ಅಲ್ಲಿ ಮುಚ್ಚುತ್ತಿದ್ದ ಒಂದು ಗ್ಯಾರೇಜಿನಲ್ಲಿ ಹೊಸದಾಗಿ ಕಪ್ಪು ಬಣ್ಣ ಬಳಿದ ವೈಸು ಇತ್ತು. ಅತ್ತೆ ಚೀಲದಿಂದ ಚಮಚ ತೆಗೆದು ಅದರ ಮೈಯನ್ನು ಅಲ್ಲಲ್ಲಿ ಬಡಿದಳು. ಎಲ್ಲ ಕಡೆ ಟಣ್ ಎಂದದ್ದು ಒಂದು ಕಡೆ ಮಾತ್ರ ದಬ್ ಎಂದಿತು. ಒಡೆದದ್ದಕ್ಕೆ ಬೆಸುಗೆ ಹಾಕಿ ಬಣ್ಣ ಮುಚ್ಚಿದ್ದರು. ಮಾಲೀಕನಿಗೆ ಸಿಟ್ಟು ಬಂತು. ನೀವು ವೈಸು ಕೊಳ್ಳಲು ಬಂದಿದ್ದೀರೋ, ಸಂತೆಯಲ್ಲಿ ಗಡಿಗೆ ಕೊಳ್ಳಲು ಬಂದಿದ್ದೀರೋ ಎಂದ. ಗಡಿಗೆ ಒಡೆದರೆ ನೀರು ಹೋಗುತ್ತದೆ, ಇದು ಒಡೆದರೆ ಬೆರಳು ಹೋಗುತ್ತದೆ ಎಂದು ಅತ್ತೆ ಚಮಚವನ್ನು ಒರೆಸಿ ಚೀಲಕ್ಕೆ ಹಾಕಿದಳು. ಬಂದ ದಾರಿಗೆ ಸುಂಕವಿಲ್ಲ ಎಂದು ಸವಣೂರಿನ ಖಾರ ಕಟ್ಟಿಸಿಕೊಂಡು ಮೆಲ್ಲುತ್ತ ಹಿಂದಿರುಗಿದೆವು. ಅದೇ ಚಮಚದಿಂದ ತಿಂದೆವು ಎನ್ನುವುದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಹಿರೇಕೆರೂರಿನ ಕಡೆ ಹೊರಟ ದಿನ ಮಾವನೂ ಜೊತೆಗೆ ಬಂದರು. ಮಾವ ಎಂದರೆ ಅತ್ತೆಯ ಗಂಡ. ಮೆಲುಮಾತಿನ ಮನುಷ್ಯ. ಇತ್ತೀಚೆಗೆ ಅವರು ಹಿತ್ತಲಿಗೆ ಬರುವುದನ್ನೇ ಬಿಟ್ಟು ಮುಂದಿನ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಅತ್ತೆಯೇ ಎಬ್ಬಿಸಿ ಕಾರಿಗೆ ಹತ್ತಿಸಿದ್ದಳು.

ಚಿಕ್ಕೇರೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರು ಕೆಲಸ ನಿಲ್ಲಿಸಿದ್ದಾರೆಂದು ಸುದ್ದಿ ಸಿಕ್ಕಿತ್ತು. ಅವರ ವೈಸು ಬೇವಿನ ಮರದ ಕೆಳಗೆ ಜಾಲಿಯ ಬೊಡ್ಡೆಗೆ ಬಿಗಿದಿತ್ತು. ನೋಡಲು ಸಣ್ಣ ಕೋಣನ ತಲೆಯಷ್ಟು! ಅತ್ತೆ ಸೆರಗಿನಿಂದ ಧೂಳು ಒರೆಸಿ, ಎಣ್ಣೆ ಬಿಟ್ಟು, ಚಮಚದಿಂದ ಬಡಿದಳು. ದೇವಸ್ಥಾನದ ಗಂಟೆಯಂತೆ ನುಡಿಯಿತು. ಹಳೆಯ ಲಗ್ನಪತ್ರಿಕೆಯೊಂದರ ತುಂಡನ್ನು ದವಡೆಗಳ ನಡುವೆ ಇಟ್ಟು ಬಿಗಿದು ಎಳೆದಳು. ಕಾಗದ ಹರಿಯಿತೇ ಹೊರತು ಹೊರಗೆ ಬರಲಿಲ್ಲ. ಆಕೆಯ ಮುಖ ನೋಡಿ, ಇನ್ನು ಈ ರವಿವಾರದ ಸವಾರಿಗಳು ಮುಗಿದವು ಎಂದು ನಾನು ಸಮಾಧಾನದ ಉಸಿರು ಬಿಟ್ಟೆ.

ಆದರೆ ಮುದುಕರಿಗೆ ಕೊಡಲು ಮನಸ್ಸಿರಲಿಲ್ಲ. ಕರಗಿಸುವವರಿಗೆ ಕೊಡಬಾರದೆಂದು ಗುಜರಿಯವರನ್ನೆಲ್ಲ ಬೈದು ಕಳಿಸಿದ್ದರು. ನಾನೇ ಬಳಸುತ್ತೇನೆ ಎಂದು ಅತ್ತೆ ಹೇಳಿದ್ದನ್ನೂ ಅವರು ನಂಬಲಿಲ್ಲ.

“ಮನೀ ಕೆಲಸಕ್ಕ ಇಷ್ಟ ದೊಡ್ಡದು ಯಾಕ ಬೇಕ್ರಿ ಅವ್ವಾರ? ಯಜಮಾನ್ರು ಒಂದೀಟ ಹಿಡಕೊಂಡ್ರ ಸಾಕಾಗೂದಿಲ್ಲೇನು?”

ಬೇರೆ ದಿನವಾಗಿದ್ದರೆ ಅವರ ಮಾತು ಮುಗಿಯುವ ಮೊದಲೇ ಅತ್ತೆಯ ಉತ್ತರ ಹೊರಡುತ್ತಿತ್ತು. ಆ ದಿನ ಆಕೆ ಬಗ್ಗಿ, ಒರೆಸಿದ್ದ ವೈಸನ್ನೇ ಮತ್ತೆ ಒರೆಸತೊಡಗಿದಳು.

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ ಮಾವ ಮುಂದೆ ಬಂದರು. ಎರಡೂ ಕೈಗಳನ್ನು ಮುದುಕರ ಎದುರು ಚಾಚಿದರು. ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು.

“ಇಷ್ಟ ವರ್ಷ ನಾನ ಹಿಡೀತಿದ್ನಿರಿ,” ಎಂದರು. “ಈಕಿ ಕೊಯ್ಯಾಕಿ, ನಾನು ಹಿಡಿಯಾಂವ. ಈಗ ಕೈ ನನ್ನ ಮಾತ ಕೇಳವೊಲ್ವು. ಹಲಗಿ ಅಲುಗಾಡಿ ಗರಗಸ ಈಕಿ ಬೆರಳಿಗೆ ಬಡೀತು. ಆವತ್ತಿಂದ ಶೆಡ್ಡಿಗೆ ಹೋಗೂದು ಬಿಟ್ಟೇನಿ.”

“ಬಡದದ್ದು ನನ್ನ ಗರಗಸ,” ಎಂದಳು ಅತ್ತೆ, ತಲೆ ಎತ್ತದೆ. “ಇವರ ಕೈದೇನೂ ತಪ್ಪಿಲ್ಲ.”

ಮುದುಕರು ಒಳಗೆ ಹೋಗಿ ಪಾನಾ ತಂದು, ತಾವೇ ಕೂತು ಬೋಲ್ಟುಗಳನ್ನು ಬಿಚ್ಚಿಕೊಟ್ಟರು. ಅದನ್ನು ಡಿಕ್ಕಿಗೆ ಹಾಕಿದ ಮೇಲೆ ನನ್ನ ಕಾರು ಮೂತಿ ಎತ್ತಿ ಆಕಾಶ ನೋಡುತ್ತ ಹಾನಗಲ್ಲಿಗೆ ಬಂತು.

ವೈಸು ಶೆಡ್ಡಿನಲ್ಲಿ ಕೂತ ದಿನ ನೋಡಲು ಬಂದ ನೆಂಟರೊಬ್ಬರು ಬುದ್ಧಿ ಹೇಳಿದರು. ಯಜಮಾನರಿಗೂ ಮೈಯಲ್ಲಿ ಸರಿಯಿಲ್ಲ, ಇನ್ನಾದರೂ ಈ ಆಟ ಸಾಕು ಮಾಡಿ ಇಬ್ಬರೂ ಒಂದು ಕಡೆ ಕೂತು ಶಿವ ಶಿವ ಅನ್ನಬಾರದೇ ಎಂದರು.

“ಶಿವಾನ ಕುಂತಿಲ್ಲ, ಕುಣಿಯಾಕತ್ಯಾನ,” ಎಂದಳು ಅತ್ತೆ. ನೆಂಟರು ಚಹ ಕುಡಿದು ಹೋದರು.

ಆಮೇಲೆ ಅತ್ತೆ ಮುಂದಿನ ಕಟ್ಟೆಗೆ ಹೋಗಿ ಮಾವನನ್ನು ಕರೆದಳು. ಹಿಡಿಯಲು ಅದು ಬಂದಿದೆಯಲ್ಲ, ಇನ್ನು ನನ್ನದೇನು ಕೆಲಸ ಎಂದು ಅವರು ಅಲ್ಲೇ ಕೂತಿದ್ದರು.

“ಹಿಡಿಯಾಕ ಅದು ಬಂತು. ಬಿಗಿ ಮಾಡಾಕ ನೀವು ಬರ್ರಿ.”

ಮಾವ ಎದ್ದು ಬಂದರು. ಅತ್ತೆ ದವಡೆಗಳ ನಡುವೆ ಒಂದು ಹಲಗೆ ಇಟ್ಟಳು, ಅವರು ಎರಡೂ ಕೈಯಿಂದ ಸರಳು ಹಿಡಿದರು. ಅವರ ನಡುಕಕ್ಕೆ ಸರಳು ಟಿಣಿಟಿಣಿ ಸದ್ದು ಮಾಡಿತು. ಆದರೂ ತಿರುಗಿತು. ದವಡೆಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹತ್ತಿರವಾದವು. ಬಹಳ ಹೊತ್ತು ಹಿಡಿಯಿತು. ಬಸ್ಸಿಗೂ ಕಾಯದೆ ನಡೆದುಕೊಂಡು ಹೋಗುವ ನಮ್ಮ ಅತ್ತೆ, ಗರಗಸ ಹಿಡಿದು ಸುಮ್ಮನೆ ನಿಂತಿದ್ದಳು.

“ಸಾಕೇನು?” ಎಂದು ಮಾವ ಕೇಳಿದರು.

ಅತ್ತೆ ಹಲಗೆಯನ್ನು ಹಿಡಿದು ಜಗ್ಗಿ ನೋಡಿದಳು. ಅದು ಕಲ್ಲಿನಂತೆ ನಿಂತಿತ್ತು.

“ಇನ್ನೊಂದ ಸುತ್ತು ಹಾಕ್ರಿ,” ಎಂದಳು.