ಗೊರವಂಕ ಉಣ್ಣಿಸಿದ ರೊಟ್ಟಿ

ಇವತ್ತು ನನ್ನ ಮೊಮ್ಮಗಳು ಸಿರಿ ಒಂದು ಇಡೀ ರೊಟ್ಟಿ ತಿಂದಳು! ತನ್ನ ಕೈಯಿಂದ ತನ್ನ ಬಾಯಿಗೆ, ಯಾರೂ ಗೋಗರೆಯದೆ, ಯಾರೂ ಗದರಿಸದೆ! ಈ ಸುದ್ದಿಯನ್ನು ಸೊಪ್ಪು ಮಾರುವವಳಿಗೆ ಹೇಳಿದೆ, ಎದುರುಮನೆಯವರನ್ನು ಕರೆದು ಹೇಳಿದೆ, ಯಾರದೋ ಮನೆ ಎಲ್ಲಿ ಎಂದು ಕೇಳಲು ನಮ್ಮ ಗೇಟಿನ ಹತ್ತಿರ ಬೈಕು ನಿಲ್ಲಿಸಿದ ಗುರುತಿಲ್ಲದವನಿಗೂ ಹೇಳಿದೆ. ಅವನು "ಒಳ್ಳೇದಾತು ಬಿಡ್ರಿ ಅಜ್ಜಾರೆ" ಎಂದವನೇ ಮನೆ ಕೇಳುವುದನ್ನೂ ಮರೆತು ಹೊರಟುಹೋದ. ಒಂದು ರೊಟ್ಟಿಗೆ ಇಷ್ಟೊಂದು ಕುಣಿತವೇ ಎಂದು ನೀವು ಅನ್ನಬಹುದು. ಉಣ್ಣದ ಮಗು ಇರುವ ಮನೆಯಲ್ಲಿ ನೀವು ಒಂದು ಹೊತ್ತು ಇದ್ದು ನೋಡಿ, ಆಮೇಲೆ ಮಾತಾಡೋಣ.

ಸಿರಿಗೆ ಎರಡು ವರ್ಷ ತುಂಬಿದೆ. ಎದೆಹಾಲು ಬಿಡಿಸಿದ ದಿನದಿಂದ ಅವಳು ಅನ್ನದ ಮೇಲೆ ಮುನಿಸಿಕೊಂಡಿದ್ದಳು. ಬಾಯಿಗೆ ಇಟ್ಟ ತುತ್ತು ಗಂಟಲಿಗೆ ಇಳಿಯುತ್ತಲೇ ಇರಲಿಲ್ಲ, ಕೆನ್ನೆಯಲ್ಲಿ ಬಿಡಾರ ಹೂಡುತ್ತಿತ್ತು. ಬೆಳಿಗ್ಗೆ ಇಟ್ಟ ಇಡ್ಲಿ ಮಧ್ಯಾಹ್ನ ಹೊರಗೆ ಬಂದದ್ದುಂಟು, ಇಟ್ಟಾಗ ಹೇಗಿತ್ತೋ ಹಾಗೆ. ಡಾಕ್ಟರು ನೋಡಿ, "ಕಾಯಿಲೆ ಏನೂ ಇಲ್ಲ, ತೂಕ ಮಾತ್ರ ಸಾಲದು, ಏನಾದರೂ ತಿನ್ನಿಸಿ" ಎಂದರು. ಏನಾದರೂ ಅನ್ನುವುದು ನಮ್ಮ ಅಡುಗೆಮನೆಯಲ್ಲಿ ಬೇಕಾದಷ್ಟಿತ್ತು. ತಿನ್ನಿಸುವವರು ಯಾರು ಎಂಬುದನ್ನು ಅವರು ಹೇಳಲಿಲ್ಲ.

ಅಷ್ಟರಲ್ಲಿ ಸೊರಬದಿಂದ ನಮ್ಮ ಬೀಗಿತ್ತಿ, ಅಂದರೆ ಸೊಸೆ ಸುಮಾಳ ತಾಯಿ ಶಾಂತಮ್ಮ, ಫೋನು ಮಾಡಿದರು. "ಬೇಜಾರ್ ಮಾಡ್ಕಬೇಡಿ ಬೀಗ್ರೆ. ನಿಮ್ಮ ಜೋಳದ ರೊಟ್ಟಿ ಆ ಹಸುಗೂಸಿನ ಗಂಟಲಿಗೆ ಇಳೀತದಾ? ನಮ್ಮನೆಗೆ ಕಳ್ಸಿ. ಗಂಜಿ ಕುಡ್ಸಿ, ತುಪ್ಪ ಹಾಕಿ, ಬೆಣ್ಣೆ ಮುದ್ದೆ ಹಾಗೆ ಮಾಡಿ ಕಳ್ಸ್ತೀನಿ." ಯಾವಾಗ ಕಳಿಸುತ್ತಾರೆಂದು ಮಾತ್ರ ಹೇಳಲಿಲ್ಲ. ಮಗು ಹೋದರೆ ತಾಯಿಯೂ ಹೋಗಬೇಕು. ಅಂಗನವಾಡಿ ಅಲ್ಲೇ ಇದೆ, ತವರು ಅಲ್ಲೇ ಇದೆ, ಹಾಗೇ ಉಳಿದುಬಿಟ್ಟರೆ? ಅವತ್ತಿನಿಂದ ಸುಮಾ ಮಗುವಿನ ಬಟ್ಟೆ ಮಡಚಿ ಬೀರುವಿನಲ್ಲಿ ಇಡದೆ ಮಂಚದ ಮೇಲೇ ಪೇರಿಸತೊಡಗಿದಳು. ಆ ರಾಶಿ ನೋಡಿದಾಗಲೆಲ್ಲ ನನಗೂ ತುತ್ತು ಇಳಿಯುತ್ತಿರಲಿಲ್ಲ.

ನಮ್ಮ ಕಡೆ ಮಕ್ಕಳಿಗೆ ಉಣ್ಣಿಸುವ ದಾರಿ ಒಂದೇ. ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬರುವುದು, "ಅಕಾ ಕಾಗಿ ನೋಡು, ಅಕಾ ಗುಬ್ಬಿ ನೋಡು" ಅನ್ನುವುದು, ಮಗು ಬಾಯಿ ಬಿಟ್ಟು ನೋಡುವಾಗ ತುತ್ತು ತುರುಕುವುದು. ನಮ್ಮಪ್ಪನೂ ಹಾಗೇ ಉಂಡವನು, ನಾನೂ ಹಾಗೇ ಉಂಡವನು. ನನ್ನ ಹೆಂಡತಿ ಗಿರಿಜವ್ವ ಸಿರಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದು "ಅಕಾ ನೋಡು" ಅಂದಳು. ನೋಡಲು ಏನಿತ್ತು? ಶಿಕಾರಿಪುರದ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿ ಬಂದ ಮೇಲೆ ಹಿತ್ತಿಲಲ್ಲಿ ಒಂದು ಪೇರಲೆ ಗಿಡ, ಒಂದು ನುಗ್ಗೆ ಗಿಡ, ನೆರೆಮನೆಯ ನೀರಿನ ಟ್ಯಾಂಕು, ಇಷ್ಟೇ. ನೀರಿನ ಟ್ಯಾಂಕು ತೋರಿಸಿದರೆ ಯಾವ ಮಗು ಬಾಯಿ ಬಿಡುತ್ತದೆ?

"ಹಕ್ಕಿ ನಾನು ಕರೆಸ್ತೀನಿ" ಎಂದೆ. ಗಿರಿಜವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ನಗುವುದಕ್ಕೆ ಕಾರಣವಿದೆ. ನಾನು ಓದಿದ್ದು ಅಷ್ಟಕ್ಕಷ್ಟೆ. ಮೇಷ್ಟ್ರು ಮಗ್ಗಿ ಹೇಳಿಸುವ ಹೊತ್ತಿಗೆ ನಾನು ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ, ಡಬ್ಬ ಬಡಿದು ಹಕ್ಕಿ ಕಾಯುತ್ತಿದ್ದೆ. ಮದುವೆಯಾದ ಮೇಲೂ ಅದೇ ಕೆಲಸ. ನನ್ನ "ಹೋಯ್, ಹೋ ಹೋ ಹೋಓ" ಎಂಬ ಕೂಗು ಅಂಬ್ಲಿಗೊಳ ಡ್ಯಾಮಿನ ನೀರು ದಾಟಿ ಕೇಳುತ್ತಿತ್ತು ಎಂದು ಜನ ಹೇಳುತ್ತಿದ್ದರು. ಜನ ಅಂದರೆ ಹೆಚ್ಚಾಗಿ ನಾನೇ.

"ಹರೇದಾಗೆಲ್ಲ ಹಕ್ಕಿ ಓಡಿಸ್ದೋರು, ಈಗ ಬರ್ರಿ ಬರ್ರಿ ಅಂದ್ರೆ ಬರ್ತಾವೇನ್ರೀ? ನಿಮ್ಮ ಹೆಸ್ರು ಅವುಗಳ ಮೊಮ್ಮಕ್ಕಳಿಗೂ ಗೊತ್ತೈತಿ" ಅಂದಳು.

ಅವಳ ಮಾತು ಸುಳ್ಳಾಗಲಿಲ್ಲ. ಹಳೆಯ ಮೊರದಲ್ಲಿ ಜೋಳ ಹರವಿದೆ, ಒಡೆದ ಮಡಕೆಯ ತಳದಲ್ಲಿ ನೀರಿಟ್ಟೆ, ಮೊರದ ಪಕ್ಕ ಬಾಳೆಹಣ್ಣು ಸುಲಿದಿಟ್ಟೆ. ಬೀಗರು ಬಂದಾಗಲೂ ನಾನು ಬಾಳೆಹಣ್ಣು ಸುಲಿದುಕೊಟ್ಟವನಲ್ಲ. ಬಂದದ್ದು ಒಂದು ಅಳಿಲು. ಆಮೇಲೆ ಎದುರುಮನೆಯ ಕೋಳಿ. ನುಗ್ಗೆ ಗಿಡದ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತು ಕೂತು ನನ್ನ ಕಾಲು ಜೋಮು ಹಿಡಿಯಿತೇ ಹೊರತು ಒಂದು ಗರಿಯೂ ಇಳಿಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಐದಾರು ಗುಬ್ಬಿ, ಹಿಂದೆಯೇ ಹಳದಿ ಕಾಲಿನ ಗೊರವಂಕಗಳು ಬಂದು ಮೊರದ ಮೇಲೆ ಕೂತವು. ನನಗೆ ಆದ ಸಂತೋಷ ಹೇಳತೀರದು. ಅದೇ ಎಡವಟ್ಟಾಯಿತು. ಹಕ್ಕಿ ಕಾಳಿಗೆ ಬಾಯಿ ಹಾಕಿದ್ದು ಕಣ್ಣಿಗೆ ಬಿದ್ದದ್ದೇ ತಡ, ನನ್ನ ಗಂಟಲು ನನ್ನನ್ನು ಕೇಳಲೇ ಇಲ್ಲ. "ಹೋಯ್! ಹೋ ಹೋ ಹೋಓ!" ಎಲ್ಲವೂ ಪುರ್ರೆಂದು ಹಾರಿಹೋದವು.

"ಅಯ್ಯೋ ನಿಮ್ಮ!" ಎಂದು ಗಿರಿಜವ್ವ ಬೈಯಲು ಬಾಯಿ ತೆರೆದಳು. ಆಗ ಅವಳ ಕಂಕುಳಲ್ಲಿದ್ದ ಸಿರಿ ಕಿಲಕಿಲ ನಕ್ಕಳು. ಬಾಯಿ ಅಷ್ಟಗಲ! ಗಿರಿಜವ್ವ ಚುರುಕು, ಬೈಗುಳ ಅಲ್ಲೇ ಬಿಟ್ಟು ತುತ್ತು ಇಟ್ಟೇಬಿಟ್ಟಳು. ನಗುವಿನ ಜೊತೆ ಅದೂ ಇಳಿದುಹೋಯಿತು.

ಅಲ್ಲಿಂದ ನನ್ನ ಉದ್ಯೋಗ ಮತ್ತೆ ಶುರುವಾಯಿತು. ಹಕ್ಕಿ ಬರಲಿ ಎಂದು ಕಾಳು ಹಾಕುವುದು, ಬಂದ ಮೇಲೆ ಕೂಗಿ ಓಡಿಸುವುದು, ಒಂದು ಕೂಗಿಗೆ ಒಂದು ತುತ್ತು. ಬೀದಿಯವರು ಗೋಡೆ ಮೇಲಿಂದ ಇಣುಕಿ, "ಅಜ್ಜಾರೆ, ಓಡ್ಸೋದಾದ್ರೆ ಕರೆಯೋದ್ಯಾಕೆ?" ಎಂದು ಕೇಳುತ್ತಿದ್ದರು. ಒಣಹಾಕಿದ ಬಟ್ಟೆ ಮೇಲೆಲ್ಲ ಹಿಕ್ಕೆ ಹಾಕುತ್ತವೆ ಎಂದು ಸುಮಾ ಹಗ್ಗ ಮಹಡಿ ಮೇಲೆ ಕಟ್ಟಿಕೊಂಡಳು. ಆದರೂ ತುತ್ತು ಇಳಿಯುತ್ತಿತ್ತಲ್ಲ, ಮಂಚದ ಮೇಲಿನ ಬಟ್ಟೆಯ ರಾಶಿ ಬೆಳೆಯುವುದು ನಿಂತಿತು.

ಆದರೆ ಹಕ್ಕಿ ನಾವು ತಿಳಿದಷ್ಟು ದಡ್ಡ ಅಲ್ಲ. ಈ ಮುದುಕ ಬಾಯಲ್ಲೇ ಬಡಾಯಿ, ಕೈಯಲ್ಲಿ ಕವಣೆ ಇಲ್ಲ ಎಂಬುದು ಅವಕ್ಕೆ ತಿಳಿದುಹೋಯಿತು. ನಾನು ಕೂಗಿದರೆ ಮೊದಲು ಗೋಡೆಯವರೆಗೆ ಹಾರುತ್ತಿದ್ದವು, ಆಮೇಲೆ ಎರಡು ಹೆಜ್ಜೆ ಕುಪ್ಪಳಿಸುತ್ತಿದ್ದವು, ಕೊನೆಕೊನೆಗೆ ತಲೆ ಎತ್ತಿ ನೋಡಿ ಮತ್ತೆ ತಿನ್ನುತ್ತಿದ್ದವು. ಹಕ್ಕಿ ಹಾರದಿದ್ದರೆ ಸಿರಿ ನಗಳು, ನಗದಿದ್ದರೆ ಬಾಯಿ ಬಿಡಳು. ಗೊರವಂಕಗಳು ದುಂಡಗಾದವು. ಮಗು ಮೊದಲಿನ ಹಾಗೇ ಕಡ್ಡಿ.

ಇವತ್ತು ಬೆಳಿಗ್ಗೆ ಮೊದಲನೆ ಬಸ್ಸಿಗೇ ಶಾಂತಮ್ಮ ದೊಡ್ಡ ಬ್ಯಾಗು ಹಿಡಿದು ಇಳಿದರು. ಕರೆದುಕೊಂಡು ಹೋಗಲೆಂದೇ ಬಂದವರು. "ಒಂದ್ಸಲ ನೋಡ್ರಿ ಬೀಗ್ತ್ಯಾರೆ, ಹಕ್ಕಿ ಮುಂದೆ ಹೆಂಗೆ ಉಣ್ತಾಳೆ ಅಂತ" ಎಂದು ನಾನು ಅವರನ್ನು ಹಿತ್ತಿಲಿಗೆ ಕರೆತಂದೆ. ಸಿರಿಯನ್ನು ಕಟ್ಟೆಯ ಮೇಲೆ ಕೂರಿಸಿ, ಶಾಂತಮ್ಮ ತಂದಿದ್ದ ತುಪ್ಪ, ಬೆಲ್ಲ ಸವರಿ ಮುರಿದ ರೊಟ್ಟಿಯ ತಟ್ಟೆಯನ್ನು ಮುಂದಿಟ್ಟೆವು. ಹಕ್ಕಿಗಳು ಬಂದವು. ನಾನು ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದೆ. ಒಂದೂ ಅಲುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಕೆಮ್ಮು ಬಂತು.

"ಎಂತ ಬೀಗ್ರೆ, ಹಕ್ಕಿಗೂ ನಿಮ್ಮ ಹೆದ್ರಿಕೆ ಇಲ್ವಲ" ಎಂದರು ಶಾಂತಮ್ಮ. ಮಗಳ ಕಡೆ ತಿರುಗಿ, "ಬಟ್ಟೆ ತುಂಬ್ಕೊ ಸುಮಾ, ಹನ್ನೊಂದರ ಬಸ್ಸಿಗೆ ಹೊರಡೋಣ" ಎಂದರು. ಸುಮಾ ಒಳಗೆ ಹೋಗಲು ತಿರುಗಿದಳು.

ಆಗ ಒಂದು ಗೊರವಂಕ ಮೊರದಿಂದ ಇಳಿದು, ಸರ್ವೆಯವರು ಜಮೀನು ಅಳೆಯಲು ಬಂದ ಹಾಗೆ ಗತ್ತಿನಿಂದ ನಡೆದು ಬಂತು. ಕಟ್ಟೆ ಹತ್ತಿತು. ತಟ್ಟೆಯ ಅಂಚಿನ ಮೇಲೆ ಕೂತು ಒಂದು ಚೂರು ರೊಟ್ಟಿ ಎತ್ತಿ ನುಂಗಿತು. ಸಿರಿ ಕಣ್ಣು ಪಿಳಿಪಿಳಿ ಮಾಡಿದಳು. ಅದು ಇನ್ನೊಂದು ಚೂರು ಎತ್ತಿತು. ನನ್ನ ಗಂಟಲಲ್ಲಿ ಕೂಗು ಎದ್ದು ಬಂತು, ಕೈ ಮೇಲಕ್ಕೇರಿತು. ಅಷ್ಟರಲ್ಲಿ ಸಿರಿ "ನಂದು!" ಎಂದು ಚೀರಿ, ತಟ್ಟೆಗೆ ಕೈ ಹಾಕಿ, ದೊಡ್ಡ ಚೂರೊಂದನ್ನು ತನ್ನ ಬಾಯಿಗೆ ತುರುಕಿಕೊಂಡಳು. ಅಗಿದಳು. ನುಂಗಿದಳು!

"ಉಸಿರು ಬಿಡಬ್ಯಾಡ್ರಿ" ಎಂದು ಗಿರಿಜವ್ವ ಪಿಸುಗುಟ್ಟಿದಳು. ಗೊರವಂಕ ಒಂದು ಹೆಜ್ಜೆ ಮುಂದಿಟ್ಟರೆ ಸಿರಿ ಒಂದು ಚೂರು ಬಾಯಿಗೆ. ಅದು ಕತ್ತು ಓರೆ ಮಾಡಿದರೆ ಇನ್ನೊಂದು ಚೂರು. ನಾನು ಎತ್ತಿದ ಕೈ ಎತ್ತಿದ ಹಾಗೇ ಕಲ್ಲಿನ ಬಸವನಂತೆ ನಿಂತಿದ್ದೆ. ಗಂಟಲಿಗೆ ಬಂದ ಕೂಗನ್ನು ನುಂಗುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಹಕ್ಕಿ ನಮ್ಮ ಅನ್ನಕ್ಕೆ ಬಾಯಿ ಹಾಕುವುದನ್ನು ಸುಮ್ಮನೆ ನಿಂತು ನೋಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ತಟ್ಟೆ ಬರಿದಾದ ಮೇಲೆ ಸಿರಿ ಅದನ್ನು ಗೊರವಂಕಕ್ಕೆ ತೋರಿಸಿ "ಖಾಲಿ" ಎಂದಳು. ಅದು ಹಾರಿಹೋಯಿತು. ಅವಳು ಅಜ್ಜಿಯ ಕಡೆ ತಟ್ಟೆ ಚಾಚಿದಳು. ಗಿರಿಜವ್ವ ತಟ್ಟೆ ತೊಳೆದು ಇನ್ನೊಂದು ರೊಟ್ಟಿ ತಂದಳು. ಶಾಂತಮ್ಮ ಕಣ್ಣು ಒರೆಸಿಕೊಳ್ಳುತ್ತ, "ಹನ್ನೊಂದರ ಬಸ್ಸು ಹೋಗ್ಲಿ ಬಿಡು ಸುಮಾ" ಎಂದರು.

ಹೋಗಿದ್ದು ಬಸ್ಸು ಮಾತ್ರ, ಶಾಂತಮ್ಮ ಉಳಿದರು. ಸಂಜೆ ಮಗ ಮಂಜುನಾಥನೂ ಮೋಟಾರು ರಿಪೇರಿ ಅಂಗಡಿಯ ಬಾಗಿಲು ಬೇಗ ಹಾಕಿ ಬಂದ. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಸುತ್ತ ಕೂತೆವು, ಸಿರಿ ನಡುವೆ. ಒಂದು ಕಡೆ ಗಿರಿಜವ್ವನ ಜೋಳದ ರೊಟ್ಟಿ, ಇನ್ನೊಂದು ಕಡೆ ಶಾಂತಮ್ಮ ಹಟ ಹಿಡಿದು ತಟ್ಟಿದ ಅಕ್ಕಿ ರೊಟ್ಟಿ. ಮಗು ಉಂಡದ್ದು ಯಾರ ಪುಣ್ಯದಿಂದ ಎಂದು ಮಾತು ಎದ್ದಿತು. ತುಪ್ಪ ಸೊರಬದ್ದು ಎಂದರು ಶಾಂತಮ್ಮ. ರೊಟ್ಟಿ ತನ್ನದು ಎಂದಳು ಗಿರಿಜವ್ವ. ಎಲ್ಲಾ ಆ ಗೊರವಂಕದ್ದು ಎಂದ ಮಂಜು. ನನ್ನ ಹೆಸರು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ನಾನು ಒಬ್ಬೊಬ್ಬರ ಮುಖ ನೋಡುತ್ತ ಕೂತೆ. ಸಿರಿ ಎರಡೂ ರೊಟ್ಟಿಯನ್ನು ಚೂರು ಚೂರು ತಿಂದು ಮುಗಿಸಿದಳು. ಆಗ ಎಲ್ಲರ ಕಣ್ಣೂ ನನ್ನ ತಟ್ಟೆಯ ಮೇಲೆ ಬಿತ್ತು. ಬಡಿಸಿದ್ದು ಬಡಿಸಿದ ಹಾಗೇ ಆರಿತ್ತು.

"ಎಂತ ಬೀಗ್ರೆ, ಈಗ ನೀವು ಉಣ್ಣಲ್ವಾ?" ಎಂದರು ಶಾಂತಮ್ಮ. "ನಿಮ್ಮನ್ನೇ ಕರ್ಕೊಂಡು ಹೋಗ್ಬೇಕಾ ಸೊರಬಕ್ಕೆ?"

ನಾನು ಒಂದು ದೊಡ್ಡ ತುತ್ತು ಮುರಿದು ಬಾಯಿಗೆ ಇಟ್ಟುಕೊಂಡೆ.